ಥೇಮ್ಸ್ ದಂಡೆಯ ಒಂದು ಇರುಳು

1878ನೆಯ ಇಸವಿಯ ನವೆಂಬರ್ ತಿಂಗಳ ಕೊನೆಯ ವಾರ. ಲಂಡನ್ನಿನ ನ್ಯಾಯಾಲಯವೊಂದರಲ್ಲಿ ನ್ಯಾಯಾಧೀಶರು, ವಕೀಲರು, ಜೂರಿಯ ಸದಸ್ಯರು ಎಲ್ಲರೂ ಸೇರಿ ಒಂದು ಸಣ್ಣ ಚಿತ್ರಪಟವನ್ನು ಕಣ್ಣು ಕಿರಿದುಮಾಡಿ ನೋಡುತ್ತಿದ್ದರು. ಮೇಲ್ಭಾಗದಲ್ಲಿ ಅಡ್ಡಲಾಗಿ ಹಾದುಹೋಗಿರುವುದು ಸೇತುವೆಯೇ? ಅದರ ಮೇಲಿನ ಮಸಿ ಬಣ್ಣದ ಗುರುತುಗಳು ಮನುಷ್ಯರೆಂದು ತಿಳಿಯಬೇಕೇ? ಕೆಳಗೆ ಕಾಣುವುದು ದೋಣಿಯೇ? ಸಾಕ್ಷಿಯ ಕಟಕಟೆಯಲ್ಲಿ ನಿಂತಿದ್ದ ಚಿತ್ರಕಾರನಿಗೆ ಹೀಗೆ ಒಂದೊಂದಾಗಿ ಪ್ರಶ್ನೆಗಳು ಬಂದವು. ಆ ಗುರುತುಗಳು ನಿಮಗೆ ಏನೆಂದು ತೋರುತ್ತವೆಯೋ ಅದೇ ಆಗಿರಲಿ ಎಂಬ ಅರ್ಥದ ಉತ್ತರವನ್ನು ಆತ ಕೊಟ್ಟ. ದೋಣಿಯನ್ನಂತೂ ದೋಣಿಯೆಂದೇ ಗುರುತಿಸಿದ್ದಕ್ಕೆ ತಾನು ಧನ್ಯನೆಂದು ಸೇರಿಸಿದ. ಸಭೆ ನಕ್ಕಿತು. ಆದರೆ ನಗೆಯ ನಡುವೆ ಆತ ಇನ್ನೊಂದು ಮಾತನ್ನೂ ಹೇಳಿದ್ದ: ತಾನು ಬರೆಯಹೊರಟದ್ದು ಬೆಳದಿಂಗಳನ್ನು, ಸೇತುವೆಯ ಪ್ರತಿಕೃತಿಯನ್ನಲ್ಲ, ಬಣ್ಣಗಳ ನಡುವೆ ಒಂದು ಮೇಳವನ್ನು ಸಾಧಿಸುವುದಷ್ಟೇ ತನ್ನ ಉದ್ದೇಶ. ಈ ಮಾತಿಗೆ ಯಾರೂ ನಗಲಿಲ್ಲ. ಬಹುಶಃ ಯಾರಿಗೂ ಅದು ಅರ್ಥವಾಗಿರಲಿಲ್ಲ.

ಆ ಚಿತ್ರಕಾರನ ಹೆಸರು ಜೇಮ್ಸ್ ಮ್ಯಾಕ್‌ನೀಲ್ ವಿಸ್ಲರ್. ಚಿತ್ರ, ಇಂದು ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ‘ನಾಕ್ಟರ್ನ್: ನೀಲಿ ಮತ್ತು ಹೊನ್ನು – ಹಳೆಯ ಬ್ಯಾಟರ್ಸೀ ಸೇತುವೆ’. 1872ರಿಂದ 1875ರ ನಡುವೆ ರಚಿತವಾದದ್ದು. ಎತ್ತರ 68 ಸೆಂಟಿಮೀಟರಿಗೆ ತುಸು ಹೆಚ್ಚು, ಅಗಲ 51 ಸೆಂಟಿಮೀಟರು. ಮನೆಯ ನಡುಗೋಡೆಯ ಮೇಲೆ ತೂಗುಹಾಕುವ ಕನ್ನಡಿಯಷ್ಟು ದೊಡ್ಡದು. ಬಾನುಲಿಯಲ್ಲಿ ಚಿತ್ರವನ್ನು ತೋರಿಸುವಂತಿಲ್ಲ. ಆದರೆ ಈ ಒಂದು ಚಿತ್ರದ ಮಟ್ಟಿಗೆ ಅದು ಅಂಥ ದೊಡ್ಡ ಕೊರತೆಯೇನಲ್ಲ. ಇದರಲ್ಲಿ ಕಣ್ಣಿಗೆ ಕಾಣುವುದೇ ಬಹಳ ಕಡಿಮೆ.

ಮೊದಲು ಕಾಣುವುದು ನೀಲಿ. ಆಕಾಶವೂ ನೀಲಿ, ನೀರೂ ನೀಲಿ. ಎರಡರ ನಡುವಿನ ದಂಡೆಯೂ ಇನ್ನಷ್ಟು ದಟ್ಟವಾದ ನೀಲಿಯೇ. ಆದರೆ ಇದು ನಮ್ಮ ಮಧ್ಯಾಹ್ನದ ಬಾನಿನ ನೀಲಿಯಲ್ಲ. ಬೂದಿಯೂ ಹಸಿರೂ ಬೆರೆತ, ಒದ್ದೆಯಾದ, ಆಳ ತಿಳಿಯದ ನೀಲಿ. ಈ ನೀಲಿಯ ನಡುವೆ ಹಳೆಯ ಮರದ ಸೇತುವೆಯ ಒಂದು ಕಂಬ ನೀರಿನಿಂದ ಎದ್ದು ಚಿತ್ರದ ಮೇಲಂಚಿನವರೆಗೆ ಏರಿದೆ. ಅದರ ಮೇಲೆ ಸೇತುವೆಯ ಹಾಸು ಅಡ್ಡಲಾಗಿ, ತುಸು ಓರೆಯಾಗಿ ಹಾದಿದೆ. ಹಾಸಿನ ಮೇಲೆ ನೆರಳಿನಂಥ ಕೆಲವು ಮನುಷ್ಯಾಕೃತಿಗಳು. ಎಡಕ್ಕೆ ದೂರದಲ್ಲಿ ಚೆಲ್ಸೀಯ ಹಳೆಯ ಚರ್ಚಿನ ಗೋಪುರ. ಬಲಕ್ಕೆ, 1873ರಲ್ಲಿ ಆಗತಾನೆ ತೆರೆದ ಆಲ್ಬರ್ಟ್ ಸೇತುವೆಯ ದೀಪಗಳು. ಆಚೆ ದಡದ ದೀಪಗಳು ನೀರಿನಲ್ಲಿ ಸಣ್ಣ ಸಣ್ಣ ಗೆರೆಗಳಾಗಿ ಇಳಿದಿವೆ. ಮೇಲೆ ಬಾಣಬಿರುಸೊಂದು ಸಿಡಿದು ಹೊನ್ನಿನ ಕಿಡಿಗಳು ಉದುರುತ್ತಿವೆ. ಕೆಳಗೆ, ಕಂಬದ ಬುಡದ ಬಳಿ, ದೋಣಿಯ ಮೇಲೆ ನಿಂತ ಒಬ್ಬನೇ ಮನುಷ್ಯ. ಅವನಿಗೆ ಮುಖವಿಲ್ಲ. ಅವನು ಬಾಣಬಿರುಸನ್ನು ನೋಡುತ್ತಿದ್ದಾನೆಂದೂ ಹೇಳುವಂತಿಲ್ಲ. ತನ್ನ ಕೆಲಸದಲ್ಲಿ ತಾನಿದ್ದಾನೆ.

ಇಷ್ಟೇ ಚಿತ್ರ. ಇದರ ಮುಂದೆ ನಿಂತವನಿಗೆ ಯಾವ ಕಥೆಯೂ ಸಿಕ್ಕುವುದಿಲ್ಲ. ಆದರೂ ತುಸು ಹೊತ್ತಿನಲ್ಲಿ ಸುತ್ತಲಿನ ಸದ್ದು ಅಡಗಿದಂತಾಗುತ್ತದೆ. ನಿಶ್ಶಬ್ದವನ್ನು ಕಣ್ಣಿನಿಂದ ಕೇಳುವುದೆಂದರೆ ಇದೇ ಇರಬೇಕು. ಇದು ಹೇಗಾಯಿತು ಎಂಬುದನ್ನು ವಿಚಾರಿಸುವುದು ಈ ಮಾತುಕತೆಯ ಒಂದು ಉದ್ದೇಶ. ಹೀಗಾಗುವುದು ಸರಿಯೇ ಎಂಬ ಇನ್ನೊಂದು ಪ್ರಶ್ನೆಯೂ ಇದೆ. ಅದನ್ನು ಎತ್ತಿದವನು ಸಾಮಾನ್ಯನಲ್ಲ. ಅವನ ವಿಷಯಕ್ಕೆ ಆಮೇಲೆ ಬರೋಣ.

ನಿಜವಾದ ಬ್ಯಾಟರ್ಸೀ ಸೇತುವೆಯನ್ನು ಕಂಡವರು ಈ ಚಿತ್ರವನ್ನು ನೋಡಿ ಹುಬ್ಬೇರಿಸಿದ್ದರೆ ಆಶ್ಚರ್ಯವಿಲ್ಲ. 1771–72ರಲ್ಲಿ ಕಟ್ಟಿದ ಆ ಮರದ ಸೇತುವೆ ಗಿಡ್ಡನೆಯದು, ಕಂಬಗಳು ಒತ್ತೊತ್ತಾಗಿ ನಿಂತದ್ದು. ಸರಕಿನ ದೋಣಿಗಳು ಅವುಗಳ ನಡುವೆ ನುಸುಳಲು ಹೆಣಗಿ ಆಗಾಗ ಢಿಕ್ಕಿ ಹೊಡೆಯುತ್ತಿದ್ದವು. ಅಂಥ ಸೇತುವೆಯಿಂದ ವಿಸ್ಲರ್ ಒಂದೇ ಒಂದು ಕಂಬವನ್ನು ಆರಿಸಿಕೊಂಡು, ಅದನ್ನು ನಿಜಕ್ಕಿಂತ ಬಹಳ ಎತ್ತರಕ್ಕೆ ಎಳೆದ. ನೋಡುವವನ ಕಣ್ಣು ನೀರಿನ ಮಟ್ಟದಲ್ಲಿದೆ. ಅಂದರೆ ನಾವು ನಿಂತಿರುವುದು ದಂಡೆಯ ಮೇಲಲ್ಲ, ದೋಣಿಯಲ್ಲಿ. ಊರು ನಮಗಿಂತ ಮೇಲಿದೆ, ದೂರವಿದೆ. ನಾವು ಅದರ ಕೆಳಗೆ, ಕತ್ತಲಲ್ಲಿ ತೇಲುತ್ತಿದ್ದೇವೆ. ಚಿತ್ರದ ಭಾವದ ಅರ್ಧಪಾಲು ಈ ಒಂದು ನಿರ್ಧಾರದಿಂದಲೇ ಬಂದದ್ದೆಂದು ನನ್ನ ಎಣಿಕೆ.

ಈ ನಿರ್ಧಾರದ ಹಿಂದೆ ಜಪಾನ್ ಇದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜಪಾನಿನ ಬಾಗಿಲು ಪಶ್ಚಿಮದ ವ್ಯಾಪಾರಕ್ಕೆ ತೆರೆಯಿತು. ಅಲ್ಲಿಯ ಮರದಚ್ಚಿನ ಚಿತ್ರಗಳು ಪ್ಯಾರಿಸ್, ಲಂಡನ್‌ಗಳ ಅಂಗಡಿಗಳಿಗೆ ಬಂದವು. ಹಿರೋಶಿಗೆ ಎಂಬ ಕಲಾವಿದ ತನ್ನ ಕೊನೆಗಾಲದಲ್ಲಿ ಎದೋ ನಗರದ, ಅಂದರೆ ಇಂದಿನ ಟೋಕಿಯೋದ, ದೃಶ್ಯಗಳ ಒಂದು ದೊಡ್ಡ ಮಾಲಿಕೆಯನ್ನು ರಚಿಸಿದ. ಅದರಲ್ಲಿ 1857ರ ಒಂದು ಚಿತ್ರ ಕ್ಯೋಬಾಶಿ ಸೇತುವೆಯದು: ಎತ್ತರದ ಮರದ ಸೇತುವೆ, ಮೇಲೆ ಸಣ್ಣ ಸಣ್ಣ ಜನ, ಬಾನಿನಲ್ಲಿ ಹುಣ್ಣಿಮೆಯ ಚಂದ್ರ, ಕೆಳಗೆ ನೀಲಿ ನೀರಿನ ಮೇಲೆ ದೋಣಿಗಾರ. ವಿಸ್ಲರನ ಸೇತುವೆಯ ಪಕ್ಕದಲ್ಲಿ ಇದನ್ನಿಟ್ಟರೆ ದಾಯಾದಿತನ ಯಾರಿಗೂ ಕಾಣುತ್ತದೆ. ಆದರೆ ಹಿರೋಶಿಗೆಯ ಗೆರೆ ಖಚಿತ, ಬಣ್ಣ ಶುಭ್ರ, ಗಾಳಿ ತಿಳಿ. ವಿಸ್ಲರ್ ಅಲ್ಲಿಂದ ತಂದದ್ದು ಅಸ್ಥಿಪಂಜರವನ್ನು ಮಾತ್ರ. ಅದರ ಮೇಲೆ ಹೊದಿಸಿದ ಮಂಜು ಪೂರ್ತಿಯಾಗಿ ಲಂಡನ್ನಿನದು.

ವಿಸ್ಲರ್ ಹುಟ್ಟಾ ಅಮೆರಿಕದವನು. 1834ರಲ್ಲಿ ಮ್ಯಾಸಚೂಸೆಟ್ಸಿನ ಲೊವೆಲ್ ಪಟ್ಟಣದಲ್ಲಿ ಜನನ. ರೈಲು ಮಾರ್ಗದ ಎಂಜಿನಿಯರಾಗಿದ್ದ ತಂದೆಯ ಜೊತೆ ರಷ್ಯದಲ್ಲಿ ಬಾಲ್ಯದ ಕೆಲವು ವರ್ಷ. ಮುಂದೆ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಸೇರಿ, ರಸಾಯನಶಾಸ್ತ್ರದಲ್ಲಿ ಎಡವಿ ಅಲ್ಲಿಂದ ಹೊರಬಿದ್ದ. 1855ರಲ್ಲಿ ಪ್ಯಾರಿಸ್, ಆಮೇಲೆ ಲಂಡನ್. 1863ರಿಂದ ಚೆಲ್ಸೀಯ ನದಿದಂಡೆಯ ಮೇಲೆ ಮನೆ ಮಾಡಿದ. ಕಿಟಕಿ ತೆರೆದರೆ ಥೇಮ್ಸ್. ಎದುರು ದಡದಲ್ಲಿ ಬ್ಯಾಟರ್ಸೀಯ ಕಾರ್ಖಾನೆಗಳು, ಅವುಗಳ ಹೊಗೆಕೊಳವೆಗಳು, ಕಲ್ಲಿದ್ದಲಿನ ದೋಣಿಗಳು. ಈ ಭಾಗ ಶ್ರೀಮಂತರ ಕೇರಿಯೇನೂ ಆಗಿರಲಿಲ್ಲ. 1858ರ ಬೇಸಗೆಯಲ್ಲಿ ನದಿಯ ದುರ್ನಾತ ಪಾರ್ಲಿಮೆಂಟಿನ ಕಿಟಕಿಗಳನ್ನೂ ಹೊಕ್ಕು ಸದಸ್ಯರನ್ನು ಕಂಗೆಡಿಸಿದ್ದು ಜನರ ನೆನಪಿನಲ್ಲಿ ಹಸಿಯಾಗಿಯೇ ಇತ್ತು. ಆ ಕೊಳೆಯನ್ನು ಸಾಗಿಸುವ ದೊಡ್ಡ ಚರಂಡಿಗಳನ್ನೂ ದಂಡೆಯ ಕಲ್ಲುಕಟ್ಟಡಗಳನ್ನೂ ಕಟ್ಟುವ ಕೆಲಸ ಇನ್ನೂ ನಡೆದಿತ್ತು. ಚೆಲ್ಸೀಯ ಕಟ್ಟೆ ಮುಗಿದದ್ದು 1874ರಲ್ಲಿ. ಅಂದರೆ ವಿಸ್ಲರ್ ತನ್ನ ಇರುಳಿನ ಚಿತ್ರಗಳನ್ನು ಬರೆಯುತ್ತಿದ್ದಾಗ ಆತನ ಕಣ್ಣೆದುರಿಗೇ ಹಳೆಯ ದಂಡೆ ಅಳಿದು ಹೊಸದು ಏಳುತ್ತಿತ್ತು.

ಅದೇ ದಂಡೆಯಲ್ಲಿ ಗ್ರೀವ್ಸ್ ಎಂಬ ಅಂಬಿಗರ ಮನೆತನವೊಂದಿತ್ತು. ಮನೆಯ ಹಿರಿಯ, ಮುಪ್ಪಿನಲ್ಲಿ ಚೆಲ್ಸೀಗೆ ಬಂದು ನೆಲೆಸಿದ್ದ ಮಹಾಚಿತ್ರಕಾರ ಟರ್ನರನನ್ನು ದೋಣಿಯಲ್ಲಿ ಕರೆದೊಯ್ಯುತ್ತಿದ್ದವನು. ಅವನ ಮಕ್ಕಳು ವಾಲ್ಟರ್ ಮತ್ತು ಹೆನ್ರಿ ವಿಸ್ಲರನ ಒಡನಾಡಿಗಳಾದರು. ಅವರು ಆತನಿಗೆ ಹುಟ್ಟುಹಾಕುವುದನ್ನು ಕಲಿಸಿದರು. ಆತ ಅವರಿಗೆ ಚಿತ್ರ ಬರೆಯುವುದನ್ನು ಕಲಿಸಿದ. ಇರುಳಿನಲ್ಲಿ ದೋಣಿ ಹೊರಡುತ್ತಿತ್ತು. ಕತ್ತಲಲ್ಲಿ ಬಣ್ಣ ಹಚ್ಚುವುದು ಸಾಧ್ಯವಿಲ್ಲವಷ್ಟೆ? ಆದ್ದರಿಂದ ವಿಸ್ಲರ್ ನೆನಪನ್ನೇ ಪಟವಾಗಿ ಮಾಡಿಕೊಂಡ. ಒಂದು ದೃಶ್ಯವನ್ನು ಬಹಳ ಹೊತ್ತು ದಿಟ್ಟಿಸುವುದು. ಆಮೇಲೆ ಅದಕ್ಕೆ ಬೆನ್ನು ತಿರುಗಿಸಿ ನಿಂತು, ಬಾನು ಹೇಗಿದೆ, ದೀಪಗಳು ಎಲ್ಲೆಲ್ಲಿವೆ, ಯಾವುದು ಕಪ್ಪು, ಯಾವುದು ಅದಕ್ಕಿಂತ ತುಸು ತಿಳಿ ಎಂದು ಜೊತೆಗಾರನಿಗೆ ಪಾಠ ಒಪ್ಪಿಸುವುದು. ತಪ್ಪಿದರೆ ಮತ್ತೆ ತಿರುಗಿ ನೋಡುವುದು. ಮರುದಿನ ಮನೆಯಲ್ಲಿ ಬಣ್ಣ ಹಚ್ಚುವುದು.

ಈ ಕ್ರಮದಲ್ಲಿ ಒಂದು ಒಳಗುಟ್ಟಿದೆ. ಕಣ್ಣು ಎಲ್ಲವನ್ನೂ ತುಂಬಿಕೊಳ್ಳುತ್ತದೆ; ನೆನಪು ಆರಿಸುತ್ತದೆ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಉಳಿದದ್ದು ಯಾವುದೋ ಅದೇ ಆ ದೃಶ್ಯದ ಸಾರ. ಇಟ್ಟಿಗೆಗಳ ಸಂಖ್ಯೆ ಉದುರಿಹೋಗುತ್ತದೆ, ಕಿಟಕಿಗಳ ಸಾಲು ಉದುರಿಹೋಗುತ್ತದೆ. ಕತ್ತಲಿನ ತೂಕ ಉಳಿಯುತ್ತದೆ, ದೀಪಗಳ ನಡುವಿನ ಅಂತರ ಉಳಿಯುತ್ತದೆ. ಭಾವವೆಂಬುದು ವಸ್ತುವಿಗೆ ಮೇಲಿನಿಂದ ಬಳಿದದ್ದಲ್ಲ, ವಸ್ತುವಿನಿಂದ ಅನಗತ್ಯವಾದದ್ದನ್ನು ಕಳೆದಾಗ ಉಳಿಯುವುದು ಎಂಬ ನಂಬಿಕೆ ಈ ಅಭ್ಯಾಸದ ತಳದಲ್ಲಿದೆ.

ಬಣ್ಣ ಹಚ್ಚುವ ರೀತಿಯೂ ಇದಕ್ಕೆ ತಕ್ಕಂತೆಯೇ ಇತ್ತು. ಎಣ್ಣೆಬಣ್ಣಕ್ಕೆ ಟರ್ಪೆಂಟೈನನ್ನೂ ಮರದ ಅಂಟುಗಳನ್ನೂ ಬೆರೆಸಿ ಆತ ಬಹಳ ತೆಳುವಾದ ದ್ರವವೊಂದನ್ನು ಮಾಡಿಕೊಳ್ಳುತ್ತಿದ್ದ. ಅದನ್ನು ‘ಸಾಸ್’ ಎಂದು ಕರೆಯುತ್ತಿದ್ದ. ನಮ್ಮ ಅಡುಗೆಮನೆಯ ಮಾತಿನಲ್ಲಿ ತಿಳಿಸಾರು ಎನ್ನಬಹುದು. ಪಟವನ್ನು ನಿಲ್ಲಿಸಿದರೆ ಅದು ಹರಿದು ಇಳಿಯುವಷ್ಟು ನೀರಾಗಿರುತ್ತಿತ್ತು. ಹಾಗಾಗಿ ಎಷ್ಟೋ ಸಲ ಪಟವನ್ನು ನೆಲದ ಮೇಲೆ ಮಲಗಿಸಿಯೇ ಬರೆಯಬೇಕಾಗುತ್ತಿತ್ತು. ಪಟಕ್ಕೆ ಮೊದಲೇ ಕಡುಬೂದಿಯಂಥ ಮಬ್ಬುಬಣ್ಣದ ಹಾಸು. ಅದರ ಮೇಲೆ ಅಗಲವಾದ ಕುಂಚವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಳೆದರೆ ಬಾನು ಅಥವಾ ನೀರು. ಸರಿಬರದಿದ್ದರೆ ಒರೆಸಿ ತೆಗೆದು ಮತ್ತೆ ಮೊದಲಿನಿಂದ. ಹಾಸಿನ ಕಡುಬಣ್ಣ ತೆಳುನೀಲಿಯ ಅಡಿಯಿಂದ ಮೇಲಕ್ಕೆ ಉಸಿರಾಡುತ್ತದೆ; ಆಳ ಬರುವುದು ಅದರಿಂದ. ಬರೆದ ಚಿತ್ರಗಳು ಮನೆಯ ತೋಟದಲ್ಲಿ ಒಣಗುತ್ತಿದ್ದವಂತೆ, ಮಡಿಬಟ್ಟೆಗಳ ಹಾಗೆ.

ಇರುಳಿನ ಬೆಳಕು ನೀಲಿ ಎಂದು ನಮಗೆ ಏಕೆ ತೋರುತ್ತದೆ? ಬೆಳದಿಂಗಳು ಸೂರ್ಯನ ಬೆಳಕೇ, ಚಂದ್ರನಿಂದ ತಿರುಗಿ ಬಂದದ್ದು. ಅಳೆದು ನೋಡಿದರೆ ಹಗಲಿನ ಬೆಳಕಿಗಿಂತ ಅದರಲ್ಲಿ ಕೆಂಪಿನ ಪಾಲು ತುಸು ಹೆಚ್ಚೇ ಇರುತ್ತದೆ. ನೀಲಿ ಇರುವುದು ಬೆಳಕಿನಲ್ಲಿ ಅಲ್ಲ, ನಮ್ಮ ಕಣ್ಣಿನಲ್ಲಿ. ಬೊಹೀಮಿಯದ ಪುರ್ಕಿನ್ಯೆ ಎಂಬ ಶರೀರಶಾಸ್ತ್ರಜ್ಞ ಆ ಶತಮಾನದ ಮೊದಲ ಭಾಗದಲ್ಲೇ ಇದನ್ನು ಗಮನಿಸಿದ್ದ: ಹಗಲಿನಲ್ಲಿ ಹೊಳೆಯುವ ಕೆಂಪು ಹೂ ಮಸುಕಿನಲ್ಲಿ ಕಪ್ಪಾಗುತ್ತದೆ, ನೀಲಿ ಹೂ ಬೆಳಗಾಗಿ ಕಾಣುತ್ತದೆ. ಬೆಳಕು ಕುಂದಿದಾಗ ಕಣ್ಣಿನ ಹಿಂಪರದೆಯಲ್ಲಿ ಬೇರೆ ಜಾತಿಯ ಕೋಶಗಳು ಕೆಲಸಕ್ಕೆ ನಿಲ್ಲುತ್ತವೆ. ಅವು ಕೆಂಪಿಗೆ ಕುರುಡು, ಸೂಕ್ಷ್ಮವಿವರಗಳಿಗೂ ಅರೆಕುರುಡು. ವಿಸ್ಲರನ ಚಿತ್ರದಲ್ಲಿ ವಿವರವಿಲ್ಲವೆಂದು ದೂರಿದವರು ಹಗಲಿನ ಕಣ್ಣಿಂದ ಇರುಳನ್ನು ನೋಡಬಯಸಿದವರು. ಕತ್ತಲಲ್ಲಿ ಮುಖಗಳು ನಿಜವಾಗಿಯೂ ಕಾಣುವುದಿಲ್ಲ. ಕಾಣದಿದ್ದುದನ್ನು ಕಾಣದಂತೆ ಬರೆಯುವುದೂ ಒಂದು ಪ್ರಾಮಾಣಿಕತೆ.

ಇನ್ನು ಮಂಜು. ಲಂಡನ್ನಿನ ಆ ಕಾಲದ ಮಂಜು ನಮ್ಮ ಕೊಡಗಿನ ಮಂಜಲ್ಲ. ಲಕ್ಷಗಟ್ಟಲೆ ಒಲೆಗಳಲ್ಲಿ, ಕಾರ್ಖಾನೆಗಳಲ್ಲಿ ಉರಿದ ಕಲ್ಲಿದ್ದಲಿನ ಮಸಿಯ ಕಣಗಳ ಸುತ್ತ ನೀರಿನ ಹನಿ ಕೂಡಿಕೊಂಡು ಆದದ್ದು. ದೂರದ ವಸ್ತುವಿಗೂ ಕಣ್ಣಿಗೂ ನಡುವೆ ಅದು ಪದರಪದರವಾಗಿ ನಿಂತು ಕಪ್ಪನ್ನು ಬೂದಿಯಾಗಿಸುತ್ತದೆ, ಅಂಚುಗಳನ್ನು ಕರಗಿಸುತ್ತದೆ. ಅನಿಲದೀಪದ ಬೆಳಕನ್ನು ಚದುರಿಸಿ ಅದರ ಸುತ್ತ ಪರಿವೇಷ ಕಟ್ಟುತ್ತದೆ. ಚಿತ್ರಕಾರನಿಗೆ ಇದಕ್ಕಿಂತ ಒಳ್ಳೆಯ ಸಹಾಯಕ ಬೇಡ. ಊರಿನ ಜನಕ್ಕೋ, ಅದು ಎದೆಯೊಳಗಿನ ಕತ್ತಿ. 1873ರ ಡಿಸೆಂಬರಿನಲ್ಲಿ, ಸರಿಯಾಗಿ ಈ ಚಿತ್ರ ರೂಪುಗೊಳ್ಳುತ್ತಿದ್ದ ವರ್ಷಗಳಲ್ಲಿ, ಲಂಡನ್ನಿನ ಮೇಲೆ ಕವಿದ ಮಂಜಿನಲ್ಲಿ ನೂರಾರು ಜನ ಸತ್ತರು. ದನಗಳ ಪ್ರದರ್ಶನವೊಂದಕ್ಕೆ ತಂದ ಕೊಬ್ಬಿದ ರಾಸುಗಳು ನಿಂತಲ್ಲಿಯೇ ಉಸಿರು ಕಟ್ಟಿ ಬಿದ್ದವು. ಚಿತ್ರದ ಆ ಮೃದುನೀಲಿಯನ್ನು ನೋಡುವಾಗ ಈ ಸಂಗತಿಯನ್ನು ಮರೆಯುವುದು ನನಗಂತೂ ಕಷ್ಟ.

ಇಂಥ ಚಿತ್ರಗಳಿಗೆ ವಿಸ್ಲರ್ ಮೊದಲು ‘ಬೆಳದಿಂಗಳುಗಳು’ ಎನ್ನುತ್ತಿದ್ದ. ‘ನಾಕ್ಟರ್ನ್’ ಎಂಬ ಹೆಸರನ್ನು ಸೂಚಿಸಿದವನು ಲೇಲ್ಯಾಂಡ್ ಎಂಬ ಲಿವರ್‌ಪೂಲಿನ ಹಡಗಿನ ಒಡೆಯ. ಆತ ಪಿಯಾನೋ ನುಡಿಸುತ್ತಿದ್ದವನು, ಷೋಪಾನನ ಸಂಗೀತದಲ್ಲಿ ಮನಸ್ಸಿಟ್ಟವನು. ನಾಕ್ಟರ್ನ್ ಎಂದರೆ ಇರುಳಿನ ಭಾವವನ್ನು ಹೊಮ್ಮಿಸುವ, ಮಾತಿಲ್ಲದ ಪಿಯಾನೋ ರಚನೆ. ಹೆಸರು ವಿಸ್ಲರನಿಗೆ ಬಹಳ ಹಿಡಿಸಿತು. ವಿಕ್ಟೋರಿಯ ಯುಗದ ಚಿತ್ರಶಾಲೆಗೆ ಹೋದವರು ಪ್ರತಿಯೊಂದು ಪಟದಲ್ಲೂ ಒಂದು ಕಥೆಯನ್ನು, ಒಂದು ನೀತಿಯನ್ನು ಹುಡುಕುತ್ತಿದ್ದರು: ಮುನಿದ ಮಗಳು, ಕುಡುಕ ತಂದೆ, ಮರಣಶಯ್ಯೆ. ಅಂಥವರಿಗೆ ‘ನೀಲಿ ಮತ್ತು ಬೆಳ್ಳಿ’ ಎಂಬ ಹೆಸರೇ ಒಂದು ಅಪಮಾನ. ಆಗ ಈ ಚಿತ್ರಕ್ಕೆ ಇದ್ದ ಹೆಸರು ಅದೇ. ಹೊನ್ನು ಆಮೇಲೆ ಬಂತು. ರಾಗದ ಆಲಾಪನೆಯನ್ನು ಕೇಳಿ ಬೆಳೆದ ನಮಗೆ ಇದು ಅಷ್ಟೊಂದು ವಿಚಿತ್ರವಲ್ಲ. ಸಾಹಿತ್ಯವಿಲ್ಲದ ಆಲಾಪನೆಯಲ್ಲಿ ಅರ್ಥವೇನು ಎಂದು ನಾವು ಕೇಳುವುದಿಲ್ಲ. ವಾಚ್ಯವನ್ನು ಹಿಂದೆ ಸರಿಸಿ ಧ್ವನಿ ಮುಂದೆ ಬರುವುದನ್ನೇ ಕಾವ್ಯದ ಉತ್ತಮಿಕೆಯೆಂದು ಆನಂದವರ್ಧನನ ಕಾಲದಿಂದ ಬಲ್ಲೆವು. ಆದರೆ ಹೋಲಿಕೆಯನ್ನು ಬಹಳ ಎಳೆಯಬಾರದು. ಧ್ವನಿಗೆ ವಾಚ್ಯದ ಆಸರೆ ಬೇಕೇಬೇಕು. ಈ ಚಿತ್ರದಲ್ಲೂ ಸೇತುವೆ ಪೂರ್ತಿ ಕರಗಿಹೋಗಿದ್ದರೆ ಉಳಿಯುತ್ತಿದ್ದುದು ಬರಿಯ ನೀಲಿ ಬಟ್ಟೆ. ಆ ಒಂದು ಕಂಬ ಅಲ್ಲಿ ಗಟ್ಟಿಯಾಗಿ ನಿಂತಿರುವುದರಿಂದಲೇ ಸುತ್ತಲಿನದೆಲ್ಲ ತೇಲಬಲ್ಲುದು.

ಈಗ ಆ ಪ್ರತಿವಾದಿಯ ಕಡೆಗೆ ಬರೋಣ. ಜಾನ್ ರಸ್ಕಿನ್ ಇಂಗ್ಲೆಂಡಿನ ಕಲಾವಿಮರ್ಶೆಯ ಗುರುಪೀಠದಲ್ಲಿದ್ದವನು. 1843ರಲ್ಲಿ, ಇಪ್ಪತ್ನಾಲ್ಕು ವರ್ಷದ ತರುಣನಾಗಿದ್ದಾಗಲೇ, ಜಗತ್ತು ಅಣಕಿಸುತ್ತಿದ್ದ ಟರ್ನರನ ಪರವಾಗಿ ಗ್ರಂಥವನ್ನೇ ಬರೆದವನು. ಬೆಳಕು, ಮೋಡ, ಮಂಜುಗಳನ್ನು ಬರೆಯುವ ಟರ್ನರನ ಚಿತ್ರಗಳನ್ನು ಸುಣ್ಣದ ನೀರೆಂದು, ಸೋಪಿನ ನೊರೆಯೆಂದು ಹಳಿದವರಿಗೆ ಉತ್ತರ ಕೊಟ್ಟವನು. ಅಂಥ ರಸ್ಕಿನ್ 1877ರ ಬೇಸಗೆಯಲ್ಲಿ, ಆ ವರ್ಷವೇ ತೆರೆದ ಗ್ರೋವ್ನರ್ ಗ್ಯಾಲರಿಗೆ ಹೋಗಿ ವಿಸ್ಲರನ ಚಿತ್ರಗಳನ್ನು ಕಂಡು ಕೆಂಡವಾದ. ಆತನ ಸಿಟ್ಟಿಗೆ ನೇರ ಗುರಿಯಾದದ್ದು ನಾವು ನೋಡುತ್ತಿರುವ ಚಿತ್ರವಲ್ಲ, ಅದರ ಸೋದರ: ಕ್ರೆಮೋರ್ನ್ ಉದ್ಯಾನದಲ್ಲಿ ಬಾಣಬಿರುಸು ಉದುರುವ ಕಪ್ಪು–ಹೊನ್ನಿನ ನಾಕ್ಟರ್ನ್. ಅದಕ್ಕೆ ಬೆಲೆ 200 ಗಿನಿ. ಸಾರ್ವಜನಿಕರ ಮುಖಕ್ಕೆ ಒಂದು ಡಬ್ಬಿ ಬಣ್ಣ ಎರಚಿ ಇಷ್ಟು ಹಣ ಕೇಳುವ ಸೊಕ್ಕನ್ನು ತಾನು ಕಂಡಿಲ್ಲವೆಂಬರ್ಥದ ಮಾತನ್ನು ರಸ್ಕಿನ್ ಅಚ್ಚುಹಾಕಿಸಿದ. ವಿಸ್ಲರ್ ಮಾನಹಾನಿಯ ದಾವೆ ಹೂಡಿ 1,000 ಪೌಂಡ್ ಪರಿಹಾರ ಕೇಳಿದ.

ಎರಡು ದಿನ ವಿಚಾರಣೆ. ರಸ್ಕಿನ್ ಬುದ್ಧಿಭ್ರಮಣೆಯ ದೊಡ್ಡ ಕಾಯಿಲೆಯಿಂದ ಆ ವರ್ಷವಷ್ಟೇ ಎದ್ದಿದ್ದರಿಂದ ನ್ಯಾಯಾಲಯಕ್ಕೆ ಬರಲಿಲ್ಲ. ಅವನ ಪರ ಅಟಾರ್ನಿ ಜನರಲ್ ವಾದಿಸಿದ. ಆ ಬಾಣಬಿರುಸಿನ ಚಿತ್ರಕ್ಕೆ ಎಷ್ಟು ಕಾಲ ಹಿಡಿಯಿತು? ಸುಮಾರು ಎರಡು ದಿನ. ಎರಡು ದಿನದ ದುಡಿಮೆಗೆ 200 ಗಿನಿಯೇ? ಅಲ್ಲ, ಇಡೀ ಬಾಳಿನಲ್ಲಿ ಗಳಿಸಿದ ಅರಿವಿಗೆ — ಎಂದ ವಿಸ್ಲರ್. ಸಭೆ ಚಪ್ಪಾಳೆ ತಟ್ಟಿತು. ರಸ್ಕಿನನ ಪರ ಸಾಕ್ಷಿ ಹೇಳಿದ ಚಿತ್ರಕಾರ ಬರ್ನ್ ಜೋನ್ಸ್ ಸಂಕಟದಿಂದಲೇ ಮಾತಾಡಿದ: ಬಣ್ಣ ಚೆಲುವಾಗಿದೆ, ಗಾಳಿಯ ಗುಣ ಬಂದಿದೆ, ಆದರೆ ಚಿತ್ರ ಮುಗಿದಿಲ್ಲ. ಮುಗಿದ ಚಿತ್ರವೆಂದರೆ ಏನೆಂಬುದಕ್ಕೆ ಮಾದರಿಯಾಗಿ ರಸ್ಕಿನನದೇ ಸ್ವತ್ತಾದ ಟಿಷನ್ ಎಂಬ ವೆನಿಸಿನ ಮಹಾಚಿತ್ರಕಾರನ ಕೃತಿಯೊಂದನ್ನು ತಂದು ತೋರಿಸಿದರು. ಆ ಕೃತಿ ಟಿಷನನದಲ್ಲ, ಬೇರೊಬ್ಬನದು ಎಂದು ಮುಂದೆ ವಿದ್ವಾಂಸರು ತೀರ್ಮಾನಿಸಿದರು. ತಜ್ಞರ ಸಾಕ್ಷ್ಯದ ಪಾಡು ಇದು! ಕೊನೆಗೆ ಜೂರಿ ವಿಸ್ಲರನನ್ನು ಗೆಲ್ಲಿಸಿ ಪರಿಹಾರವಾಗಿ ಒಂದು ಫಾರ್ದಿಂಗನ್ನು ಕೊಟ್ಟಿತು. ಪೆನ್ನಿಯ ಕಾಲುಭಾಗ, ನಮ್ಮ ಹಳೆಯ ಲೆಕ್ಕದಲ್ಲಿ ಒಂದು ಕಾಸು ಎನ್ನೋಣ. ನ್ಯಾಯಾಲಯದ ವೆಚ್ಚವನ್ನು ಅವರವರೇ ಭರಿಸಬೇಕಾಯಿತು.

ಕಲಾಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿ ರಸ್ಕಿನನನ್ನು ಹಾಸ್ಯಪಾತ್ರವಾಗಿ ಮಾಡಿ ಬಿಡುತ್ತವೆ. ಅದು ಅನ್ಯಾಯ. ಅವನ ಆ ಮಾತು ಅಚ್ಚಾದದ್ದು ಕಲಾಪತ್ರಿಕೆಯಲ್ಲಿ ಅಲ್ಲ. ಇಂಗ್ಲೆಂಡಿನ ಕೂಲಿಕಾರರನ್ನೂ ಕುಶಲಕರ್ಮಿಗಳನ್ನೂ ಉದ್ದೇಶಿಸಿ ಅವನು ತಿಂಗಳು ತಿಂಗಳು ಬರೆಯುತ್ತಿದ್ದ ಪತ್ರಗಳಲ್ಲಿ. ಇದೇ ರಸ್ಕಿನನ ‘ಅನ್ ಟು ದಿಸ್ ಲಾಸ್ಟ್’ ಪುಸ್ತಕವನ್ನು ಗಾಂಧೀಜಿಯವರು 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಓದಿದರು. 1908ರಲ್ಲಿ ಅದರ ಸಾರವನ್ನು ಗುಜರಾತಿಯಲ್ಲಿ ‘ಸರ್ವೋದಯ’ ಎಂದು ಕೊಟ್ಟರು. ಅಂಥ ಮನಸ್ಸಿಗೆ ಕಲೆಯೂ ಒಂದು ದುಡಿಮೆ. ಕಲ್ಲುಕುಟಿಗನಿಗೆ, ನೇಕಾರನಿಗೆ ಇರುವ ಶ್ರಮದ ಋಣ ಚಿತ್ರಕಾರನಿಗೂ ಇದೆ. ದಿನಗೂಲಿಯವನು ವರ್ಷವಿಡೀ ಮೈಮುರಿದರೂ ಕಾಣದ ಮೊತ್ತವನ್ನು ಎರಡು ದಿನದ ಕೈಚಳಕಕ್ಕೆ ಕೇಳಬಹುದೇ ಎಂಬ ಅವನ ಪ್ರಶ್ನೆ ಮೂರ್ಖನ ಪ್ರಶ್ನೆಯಲ್ಲ. ವಿಸ್ಲರನ ಉತ್ತರ ಸೊಗಸಾಗಿದೆ, ಕಲಾವಿದನ ಮಟ್ಟಿಗೆ ನಿಜವೂ ಆಗಿದೆ. ಆದರೆ ದೋಣಿ ಹುಟ್ಟುಹಾಕಿದ ಅಂಬಿಗನಿಗೂ ಬಾಳಿನ ಅರಿವು ಎಂಬುದೊಂದಿತ್ತು. ಅದಕ್ಕೆ ಯಾರೂ ಗಿನಿಗಳಲ್ಲಿ ಬೆಲೆ ಕಟ್ಟಲಿಲ್ಲ.

ರಸ್ಕಿನ್ ಸೋತದ್ದು ಬೇರೆ ಕಡೆ. ಟರ್ನರನ ಮಂಜಿನಲ್ಲಿ ಪ್ರಕೃತಿಯ ಸತ್ಯವನ್ನು ಕಂಡವನಿಗೆ ವಿಸ್ಲರನ ಮಂಜಿನಲ್ಲಿ ಮೈಗಳ್ಳತನ ಮಾತ್ರ ಕಂಡಿತು. ಕಾರಣವಿಲ್ಲದೆ ಇಲ್ಲ. ಟರ್ನರನ ಮಂಜು ಬಹುಮಟ್ಟಿಗೆ ದೇವರದು, ವಿಸ್ಲರನದು ಕಾರ್ಖಾನೆಯದು. 1884ರಲ್ಲಿ ರಸ್ಕಿನ್ ಲಂಡನ್ನಿನಲ್ಲಿ ‘ಹತ್ತೊಂಬತ್ತನೆಯ ಶತಮಾನದ ಬಿರುಗಾಳಿಯ ಮೋಡ’ ಎಂಬ ಉಪನ್ಯಾಸ ಮಾಡಿದ. ಇಂಗ್ಲೆಂಡಿನ ಬಾನಿನಲ್ಲಿ ಹಿಂದೆಂದೂ ಇಲ್ಲದ ಕೊಳಕು ಮೋಡವೊಂದು ಕವಿಯುತ್ತಿದೆಯೆಂದು ಆತ ವರ್ಷಗಳ ದಿನಚರಿಯನ್ನು ಆಧಾರವಾಗಿಟ್ಟು ಹೇಳಿದ. ಕೇಳಿದ ಹಲವರು ಮುದುಕನ ತಲೆ ಕೆಟ್ಟಿದೆಯೆಂದುಕೊಂಡರು. ಇಂದು ಅದನ್ನು ಓದಿದವರಿಗೆ ಹಾಗೆನ್ನಿಸುವುದಿಲ್ಲ. ಮರುವರ್ಷ, 1885ರ ಫೆಬ್ರವರಿ 20ರಂದು ರಾತ್ರಿ ಹತ್ತು ಗಂಟೆಗೆ ವಿಸ್ಲರ್ ತನ್ನ ಪ್ರಸಿದ್ಧ ಉಪನ್ಯಾಸವನ್ನು ಮಾಡಿದ. ಸಂಜೆಯ ಮಂಜು ನದಿದಂಡೆಗೆ ಸೆರಗು ಹೊದಿಸಿದಾಗ ಹೊಗೆಕೊಳವೆಗಳು ಗಂಟೆಗೋಪುರಗಳಾಗುತ್ತವೆ, ಗೋದಾಮುಗಳು ಅರಮನೆಗಳಾಗುತ್ತವೆ ಎಂಬುದು ಅದರ ಮಾತುಗಳಲ್ಲಿ ಒಂದು. ಒಂದೇ ಊರು, ಒಂದೇ ಹೊಗೆ. ಒಬ್ಬನಿಗೆ ಅದು ಶಾಪ, ಇನ್ನೊಬ್ಬನಿಗೆ ಅಲಂಕಾರ.

ಇಬ್ಬರಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕೆಂದರೆ ನಾನು ಚಿತ್ರದ ಕಡೆಗೇ ಹೋಗುತ್ತೇನೆ. ಚಿತ್ರಕಾರನ ಉಪನ್ಯಾಸದ ಕಡೆಗಲ್ಲ. ವಿಸ್ಲರ್ ಮಾತಿನಲ್ಲಿ ಊರನ್ನು ಅಪ್ಸರಲೋಕವಾಗಿ ಮಾಡುತ್ತಾನೆ. ಕುಂಚದಲ್ಲಿ ಹಾಗೆ ಮಾಡಿಲ್ಲ. ಈ ಚಿತ್ರದಲ್ಲಿ ಅರಮನೆಯಿಲ್ಲ. ಇರುವುದು ಹಳೆಯದಾಗಿ ಅಲುಗಾಡುವ ಮರದ ಸೇತುವೆ, ಅದರ ಮೇಲೆ ಮನೆಗೆ ಹೋಗುವ ಜನ, ಕೆಳಗೆ ರಾತ್ರಿಯಲ್ಲೂ ಕೆಲಸ ಮುಗಿಯದ ಒಬ್ಬ ದೋಣಿಗಾರ. ಬಾಣಬಿರುಸು ಬೇರೆ ಯಾರದೋ ಮೋಜಿನದು. ಅದರ ಹೊನ್ನು ಆಕಾಶದಲ್ಲಿದೆ, ಇವನ ಮೇಲೆ ಬೀಳುವುದಿಲ್ಲ. ಕಲೆಗೆ ನೀತಿಯ ಹೊಣೆಯಿಲ್ಲವೆಂದು ಸಾರಿದವನ ಕೈಯಿಂದಲೇ ಈ ಮೌನವಾದ ಮನುಷ್ಯ ಬಂದಿದ್ದಾನೆ. ಚಿತ್ರಕಾರನಿಗೆ ಅವನು ನೀಲಿಯ ನಡುವೆ ಬೇಕಾಗಿದ್ದ ಒಂದು ಕಪ್ಪು ಕಲೆಯಷ್ಟೇ ಆಗಿದ್ದಿರಬಹುದು. ಆದರೂ ನೋಡುವವನ ಕಣ್ಣು ಎಲ್ಲ ಸುತ್ತಾಡಿ ಕೊನೆಗೆ ನಿಲ್ಲುವುದು ಅವನ ಮೇಲೆಯೇ.

ಗೆದ್ದ ವಿಸ್ಲರ್ 1879ರ ಮೇ ತಿಂಗಳಿನಲ್ಲಿ ದಿವಾಳಿಯಾದ. ಸಾಲಗಾರರ ಪಟ್ಟಿಯಲ್ಲಿ ಮುಖ್ಯನಾದವನು ‘ನಾಕ್ಟರ್ನ್’ ಹೆಸರನ್ನು ಕೊಟ್ಟ ಲೇಲ್ಯಾಂಡನೇ. ಅವರಿಬ್ಬರ ಸ್ನೇಹ ಅಷ್ಟರಲ್ಲಿ ಮುರಿದಿತ್ತು. ಆಗತಾನೆ ಕಟ್ಟಿಸಿದ ಮನೆ ಹರಾಜಿಗೆ ಬಂತು. ಕೊಂಡವನು ಒಬ್ಬ ಕಲಾವಿಮರ್ಶಕ. ವಿಸ್ಲರ್ ಹನ್ನೆರಡು ಲೋಹಫಲಕ ಚಿತ್ರಗಳನ್ನು ಕೊರೆದು ಕೊಡುವ ಕರಾರಿನ ಮೇಲೆ ವೆನಿಸ್ಸಿಗೆ ಹೋಗಿ, ಇನ್ನೊಂದು ನೀರಿನ ನಗರದಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಕಳೆದು ಬಂದ. ರಸ್ಕಿನ್ ಆಕ್ಸ್‌ಫರ್ಡಿನ ತನ್ನ ಪ್ರಾಧ್ಯಾಪಕ ಪದವಿಗೆ ರಾಜೀನಾಮೆ ಕೊಟ್ಟ. ಅವನ ನ್ಯಾಯಾಲಯದ ವೆಚ್ಚವನ್ನು ಅಭಿಮಾನಿಗಳು ಚಂದಾ ಎತ್ತಿ ತೀರಿಸಿದರು.

ಮರದ ಬ್ಯಾಟರ್ಸೀ ಸೇತುವೆಯನ್ನು 1885ರಲ್ಲಿ ಕೆಡವಿದರು. ಅದರ ಜಾಗದಲ್ಲಿ ಕಬ್ಬಿಣದ ಸೇತುವೆ 1890ರಲ್ಲಿ ತೆರೆಯಿತು. ನಡುವೆ, 1886ರಲ್ಲಿ, ಚಿತ್ರದ ಮೊದಲ ಒಡೆಯನ ಸಂಗ್ರಹ ಹರಾಜಾದಾಗ ಈ ಪಟವನ್ನು ಮೇಲೆತ್ತಿ ತೋರಿಸುತ್ತಲೇ ಸಭೆಯಲ್ಲಿ ಛೀ ಎಂಬ ಸದ್ದು ಎದ್ದಿತು. 60 ಗಿನಿಗೆ ಮಾರಾಟವಾಯಿತು. ಆ ಅಪರೂಪದ ಗೌರವಕ್ಕಾಗಿ ಕೃತಜ್ಞತೆ ಸಲ್ಲಿಸಿ ವಿಸ್ಲರ್ ಪತ್ರಿಕೆಗೊಂದು ಕಾಗದ ಬರೆದ. 1903ರಲ್ಲಿ ಆತ ತೀರಿಕೊಂಡ. 1905ರಲ್ಲಿ ರಾಷ್ಟ್ರೀಯ ಕಲಾಸಂಗ್ರಹ ನಿಧಿಯವರು ಅದೇ ಚಿತ್ರವನ್ನು 2,000 ಪೌಂಡಿಗೆ ಕೊಂಡು ದೇಶಕ್ಕೆ ಒಪ್ಪಿಸಿದರು. ಇರುಳಿರುಳು ದೋಣಿ ನಡೆಸಿದ ವಾಲ್ಟರ್ ಗ್ರೀವ್ಸ್ ತನ್ನ ಕೊನೆಯ ವರ್ಷಗಳನ್ನು ಲಂಡನ್ನಿನ ಚಾರ್ಟರ್‌ಹೌಸ್ ಎಂಬ ಧರ್ಮಸಂಸ್ಥೆಯಲ್ಲಿ ಬಡ ವೃದ್ಧರ ನಡುವೆ ಕಳೆದು 1930ರಲ್ಲಿ ಸತ್ತ. ಥೇಮ್ಸಿನ ಮೇಲಿನ ಇನ್ನೊಂದು ಸೇತುವೆಯನ್ನು, ದೋಣಿಪಂದ್ಯದ ದಿನ ಅದರ ಮೇಲೆ ಕಿಕ್ಕಿರಿದು ಜೋತುಬಿದ್ದ ನೂರಾರು ಜನರನ್ನು ಒಬ್ಬೊಬ್ಬರನ್ನಾಗಿ ಎಣಿಸಿದಂತೆ ಬರೆದ ಅವನ ಚಿತ್ರವೂ ಟೇಟ್ ಸಂಗ್ರಹದಲ್ಲಿದೆ.